ಓದುಗರ ಪ್ರಶ್ನೆ: ತಾನೇ ಕಟ್ಟಿ ತಾನೇ ಹಾಡುವವರು

ಪ್ರಶ್ನೆ: ಮಾನ್ಯರೇ, ಆಷಾಢದ ಮಳೆಗೆ ಮೂರು ದಿನ ಕರೆಂಟಿಲ್ಲದೆ ಮನೆಯಲ್ಲೇ ಕುಳಿತಿದ್ದಾಗ, ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ತನ್ನ ಮೊಬೈಲಿನಲ್ಲಿ ತುಂಬಿಸಿಕೊಂಡಿದ್ದ ಜಾನ್ ಪ್ರೈನ್ ಎಂಬ ಅಮೆರಿಕದ ಹಾಡುಗಾರರನ್ನು ಕೇಳಿಸಿದ. ವಾದ್ಯದ ಅಬ್ಬರವಿಲ್ಲ, ಕಂಠವೂ ಅಂಥ ಇಂಪಿನದಲ್ಲ. ಆದರೂ ವಯಸ್ಸಾದ ಗಂಡ ಹೆಂಡಿರ ಒಂದು ಹಾಡಿನ ಅರ್ಥವನ್ನು ಹುಡುಗ ಬಿಡಿಸಿ ಹೇಳಿದಾಗ ನನಗೆ ಗಂಟಲು ಕಟ್ಟಿತು. ಅವರು ಇದನ್ನೆಲ್ಲ ಸ್ವತಃ ಅನುಭವಿಸಿದ್ದರೇ? ಹೀಗೆ ತಾನೇ ಬರೆದು ತಾನೇ ಹಾಡುವವರು ನಮ್ಮಲ್ಲಿ ಏಕಿಲ್ಲ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೀವು ಕೇಳಿದ್ದು ‘ಹಲೋ ಇನ್ ದೇರ್’ ಇರಬೇಕು. 1971ರಲ್ಲಿ ಬಂದ ಪ್ರೈನ್ ಅವರ ಮೊದಲ ಆಲ್ಬಮ್ಮಿನ ಹಾಡು ಅದು. ಹಾಡುಗಾರಿಕೆಗೆ ಇಳಿಯುವ ಮುನ್ನ ಅವರು ಶಿಕಾಗೋ ಬಳಿಯ ಊರೊಂದರಲ್ಲಿ ಅಂಚೆ ಹಂಚುತ್ತಿದ್ದರು; ಮನೆಯಿಂದ ಮನೆಗೆ ನಡೆಯುವ ಹಾದಿಯಲ್ಲೇ ಹಾಡು ಕಟ್ಟುತ್ತಿದ್ದರು. ಗುಡ್ಡಕ್ಕೊಂದು ಮನೆಯಿರುವ ನಮ್ಮ ಸೀಮೆಯಲ್ಲಿ, ಯಾರ ಮಗ ಊರಿಗೆ ಕಾಗದ ಬರೆಯುವುದನ್ನು ನಿಲ್ಲಿಸಿದ್ದಾನೆ ಎಂಬುದು ನೆಂಟರಿಷ್ಟರಿಗಿಂತ ಮೊದಲು ಅಂಚೆಯವರಿಗೆ ತಿಳಿಯುತ್ತಿದ್ದುದನ್ನು ನೆನೆದರೆ, ಆ ಕಸುಬಿಗೂ ಈ ಹಾಡುಗಳಿಗೂ ಇರುವ ನಂಟು ನಿಮಗೆ ಅರ್ಥವಾದೀತು.

ಆದರೆ ಅವರು ಅದನ್ನು ಅನುಭವಿಸಿರಲಿಲ್ಲ. ಪ್ರೈನ್ ಹುಟ್ಟಿದ್ದು 1946ರಲ್ಲಿ. ಆಲ್ಬಮ್ ಬಂದಾಗ ಅವರಿಗೆ 24 ವರ್ಷ. ಹಾಡಿನ ಗಂಡಹೆಂಡಿರಂತೆ ಕೊರಿಯಾ ಯುದ್ಧದಲ್ಲಿ ಮಗನನ್ನು ಕಳೆದುಕೊಳ್ಳುವ ವಯಸ್ಸೇ ಅದಲ್ಲ. ಹುಡುಗನಾಗಿದ್ದಾಗ ವೃದ್ಧಾಶ್ರಮವೊಂದಕ್ಕೆ ಪತ್ರಿಕೆ ಹಾಕುತ್ತಿದ್ದಾಗ ಕಂಡ ಮುಖಗಳು ಅವರಲ್ಲಿ ಉಳಿದಿದ್ದವು, ಅಷ್ಟೇ. ಅದೇ ಆಲ್ಬಮ್ಮಿನ ‘ಏಂಜೆಲ್ ಫ್ರಮ್ ಮಾಂಟ್ಗಮರಿ’ಯಲ್ಲಂತೂ ಈ ತರುಣ ಮೊದಲ ಸಾಲಿನಲ್ಲೇ ತನ್ನನ್ನು ಮುದುಕಿ ಎಂದು ಕರೆದುಕೊಳ್ಳುತ್ತಾರೆ. ಕೇಳುವವರಾರಿಗೂ ಅದು ಸುಳ್ಳೆನಿಸುವುದಿಲ್ಲ, ಏಕೆಂದರೆ ಆ ಮುದುಕಿ ‘ನಾನು ದುಃಖಿ’ ಎಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಅಡಿಗೆಮನೆಯಲ್ಲಿ ಗುಂಯ್‌ಗುಡುವ ನೊಣಗಳ ಸದ್ದು ಕೇಳುತ್ತಾಳೆ, ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳಿದ ಮನುಷ್ಯನಿಗೆ ಹೇಳಲು ಒಂದು ಮಾತೂ ಇಲ್ಲದಿರುವುದು ಹೇಗೆ ಸಾಧ್ಯ ಎಂದು ಬೆರಗಾಗುತ್ತಾಳೆ. ಭಾವದ ಪ್ರಾಮಾಣಿಕತೆ ಎಂದರೆ ಸ್ವಂತ ಬದುಕಿನ ವರದಿ ಎಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ನನಗಾದರೋ ಅದು ಆ ನೊಣದ ಸದ್ದಿನಲ್ಲಿದೆ ಎನಿಸುತ್ತದೆ.

ಇನ್ನು ನಮ್ಮಲ್ಲಿ ಏಕಿಲ್ಲ ಎಂಬ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ನಮ್ಮ ಭಾವಗೀತೆ ಮೂರು ಕೈ ದಾಟಿ ಬರುವಂಥದು. 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯಲ್ಲಿ ಕವಿತೆ ಶಿವಮೊಗ್ಗದಲ್ಲಿ ಅಧ್ಯಾಪಕರಾಗಿದ್ದ ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿ ಅವರದು. ಕಂಬಾರರ ‘ಕಾಡು ಕುದುರೆ’ಯನ್ನು ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು ನಮ್ಮ ಶಿವಮೊಗ್ಗ ಸುಬ್ಬಣ್ಣ. ಈ ಏರ್ಪಾಡಿನಿಂದ ಕನ್ನಡಕ್ಕೆ ಆದ ಲಾಭ ದೊಡ್ಡದು. ಆದರೆ ಬರೆದವರ ತೊದಲು, ತಡವರಿಕೆ, ಒರಟುತನ ಹಾಡಿನವರೆಗೆ ಬರುವಷ್ಟರಲ್ಲಿ ನುಣುಪಾಗಿಬಿಡುತ್ತವೆ. ನಿಮ್ಮ ಗಂಟಲು ಕಟ್ಟಿಸಿದ್ದು ಬಹುಶಃ ಆ ಒರಟುತನವೇ.

ತಾನೇ ಕಟ್ಟಿ ಹಾಡಿದವರನ್ನು ಹುಡುಕುವುದಾದರೆ ಕ್ಯಾಸೆಟ್ಟಿನ ಕಾಲಕ್ಕಿಂತ ಹಿಂದೆ ಹೋಗಬೇಕು. ಶಿಶುನಾಳದ ಷರೀಫರು (1819–1889) ಶಾಲಾಮಾಸ್ತರರಾಗಿದ್ದವರು. ಸೋರುವ ಮಾಳಿಗೆಯ ಅವರ ತತ್ವಪದದಲ್ಲಿ ಅಜ್ಞಾನದ ಮಾತಿದೆ ನಿಜ, ಆದರೆ ಹುಳುಕು ಜಂತಿ ಮತ್ತು ಸಡಿಲಿದ ಕೀಲನ್ನು ಕಣ್ಣಾರೆ ಕಂಡವನು ಮಾತ್ರ ಆ ತತ್ವವನ್ನು ಹಾಗೆ ಹೇಳಬಲ್ಲ. ಮಲೆನಾಡಿನ ಹಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೆಸರಿಲ್ಲದ ಹೆಂಗಸರು ಕಟ್ಟಿದ ಕಥನಗೀತೆಗಳು ಇದಕ್ಕಿಂತಲೂ ಹತ್ತಿರದವು. ‘ಕೆರೆಗೆ ಹಾರ’ದ ಭಾಗೀರಥಿ, ತನ್ನನ್ನು ಕೆರೆಗೆ ಬಲಿ ಕೊಡುತ್ತಾರೆಂದು ತಿಳಿದು ತವರಿಗೆ ಹೋಗುತ್ತಾಳೆ. ಏಕೆ ಬಾಡಿದ್ದೀಯೆಂದು ತಂದೆ ಕೇಳಿದರೆ, ಅತ್ತೆ ಮಾವ ತಮ್ಮನ್ನು ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಹೊಲಮನೆ ಕೊಡುತ್ತೇನೆ ಬಿಡು ಎನ್ನುತ್ತಾನೆ ಆತ. ನಿಜ ಹೇಳುವುದು ಗೆಳತಿಗೆ ಮಾತ್ರ. ಕೊನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ನೀರಿಗಿಂತ ಆ ಸುಳ್ಳೇ ನನ್ನನ್ನು ಹೆಚ್ಚು ಕಾಡಿದೆ. ಹಾಡು ಎಲ್ಲಿಯೂ ಅವಳಿಗಾಗಿ ಅಳುವುದಿಲ್ಲ.

ಅಣ್ಣನ ಮಗ ದೀಪಾವಳಿಗೆ ಮತ್ತೆ ಬಂದರೆ, ಅಂಟಿಗೆ–ಪಂಟಿಗೆಯವರು ದೀಪ ಹಿಡಿದು ರಾತ್ರಿ ನಿಮ್ಮ ಅಂಗಳಕ್ಕೆ ಬಂದು ಬಾಗಿಲು ತೆಗೆಯಿರೆಂದು ಹಾಡುವ ಹೊತ್ತಿಗೆ ಅವನನ್ನು ಮಲಗಗೊಡಬೇಡಿ. ಮೈಕು, ವೇದಿಕೆ ಯಾವುದೂ ಇಲ್ಲದೆ ಒಂದೇ ಮನೆಯ ಜನಕ್ಕಾಗಿ ಹಾಡುವುದೆಂದರೆ ಏನೆಂದು ಅವನೂ ಕೇಳಲಿ.

ಪ್ರಶ್ನೆ: ನನ್ನ ಮಗಳು ಗಿಟಾರ್ ಕಲಿತು ತಾನೇ ಹಾಡು ಬರೆಯುತ್ತಿದ್ದಾಳೆ. ಸಂತೋಷವೇ. ಆದರೆ ನಮ್ಮ ಮನೆಯ ಜಗಳವನ್ನೆಲ್ಲ ಹಾಡಿನಲ್ಲಿ ತರುತ್ತಾಳೆ. ಬೇಡವೆನ್ನಲೇ?
— ತಾಯಿಯೊಬ್ಬರು, ಸಾಗರ

ಉತ್ತರ: ಬೇಡವೆನ್ನಬೇಡಿ. ಬೀಸುವ ಕಲ್ಲಿನ ಮುಂದೆ ಸೊಸೆಯಂದಿರು ಅತ್ತೆಯ ಮೇಲಿನ ಪದಗಳನ್ನು ಅತ್ತೆಗೆ ಕೇಳುವಂತೆಯೇ ಹಾಡುತ್ತಿದ್ದರು. ಪದದೊಳಗಿನ ಅತ್ತೆ ಮಾತ್ರ ಬೇರೆ ಯಾವುದೋ ಊರಿನವಳಾಗಿರುತ್ತಿದ್ದಳು. ನಿಮ್ಮ ಮಗಳಿಗೂ ಆ ಉಪಾಯ ಹೇಳಿಕೊಡಬಹುದು. ಜೊತೆಗೆ, ಹಾಡಿನಲ್ಲಿ ಬರುವ ತಾಯಿಗೆ ಮಾತಾಡಲು ಎರಡು ಸಾಲನ್ನಾದರೂ ಕೊಟ್ಟಿದ್ದಾಳೆಯೇ ಎಂದು ಕೇಳಿ ನೋಡಿ. ಕೊಟ್ಟಿಲ್ಲವಾದರೆ, ಆ ಜಗಳದ ದಿನ ನಿಮಗೆ ಏನನ್ನಿಸಿತ್ತೆಂದು ಅವಳಿಗೆ ಹೇಳಿ. ಬರೆದುಕೊಳ್ಳಲಿ.