ಶಿಲ್ಪಿಯ ಚಪ್ಪರಕ್ಕೆ ಪರದೆ ಬೇಡ

ಪ್ರಶ್ನೆ: ಮಾಸ್ತರೇ, ನಾನು ಗದಗ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿ. ನಮ್ಮೂರ ಕೆರೆ ದಂಡೆಯಲ್ಲಿ ಇಬ್ಬರು ಶಿಲ್ಪಿಗಳು ಚಪ್ಪರ ಹಾಕಿಕೊಂಡು ಅತ್ತಿಮಬ್ಬೆಯ ನಿಂತ ಮೂರ್ತಿ ಕೆತ್ತುತ್ತಿದ್ದಾರೆ. ಮಕ್ಕಳನ್ನು ಕರೆದೊಯ್ದರೆ ‘ಪಾಠ ಬಿಟ್ಟು ಕಲ್ಲು ನೋಡೋದೇನ್ರಿ’ ಅಂತಾರೆ ಪಾಲಕರು. ಉದ್ಘಾಟನೆವರೆಗೆ ಸುತ್ತ ಪರದೆ ಕಟ್ಟಿಸೋಣ ಅಂತಾರೆ ಊರ ಹಿರಿಯರು. ಏನು ಮಾಡಲಿ?
— ಓದುಗರು, ಗದಗ ಜಿಲ್ಲೆ

ಉತ್ತರ: ಅಕ್ಕೋರೆ, ಪರದೆ ಕಟ್ಟಲು ಬಿಡಬೇಡಿ. ಕೆತ್ತಿ ಮುಗಿದ ಮೂರ್ತಿಯನ್ನು ಮಕ್ಕಳ ಮೊಮ್ಮಕ್ಕಳೂ ನೋಡಿಯಾರು. ಕೆತ್ತುವುದು ಕಣ್ಣಿಗೆ ಬೀಳುವುದು ಈಗ ಮಾತ್ರ.

ಧಾರವಾಡದಲ್ಲಿ ಚಿತ್ರಕಲಾ ಮಾಸ್ತರನಾಗಿದ್ದಾಗ ನಾನೂ ಹುಡುಗರನ್ನು ಕೆತ್ತುವ ಜಾಗಕ್ಕೆ ಕರೆದೊಯ್ಯುತ್ತಿದ್ದೆ. ಶಿಲ್ಪಿ ಕಲ್ಲಿನ ಮೇಲೆ ಮೊದಲು ನಡುಗೆರೆ ಎಳೆಯುತ್ತಾನೆ, ಆಮೇಲೆ ಅಡ್ಡಗೆರೆಗಳು. ಅಲ್ಲೇ ಗಣಿತ ಇದೆ. ಮುಖದ ಉದ್ದ ಒಂದು ತಾಳ, ತಾಳಕ್ಕೆ 12 ಅಂಗುಲ. ನವತಾಳದ ಮೂರ್ತಿಯಾದರೆ ಮುಖದ ಒಂಬತ್ತು ಪಟ್ಟು ಎತ್ತರ, ಅಂದರೆ 108 ಅಂಗುಲ. ಈ ಅಂಗುಲ ಟೇಪಿನ ಇಂಚಲ್ಲ, ಮೂರ್ತಿ ದೊಡ್ಡದಾದರೆ ಅದೂ ದೊಡ್ಡದಾಗುತ್ತದೆ. ನಿಮ್ಮೂರ ಮೂರ್ತಿ ಅಷ್ಟತಾಳವೋ ನವತಾಳವೋ ಮಕ್ಕಳೇ ಕೇಳಲಿ, ದಾರ ಹಿಡಿದು ಅಳೆಯಲಿ. ಅನುಪಾತವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ನನಗಂತೂ ಸಿಕ್ಕಿಲ್ಲ. ಆ ಲೆಕ್ಕದ ನೋಟ್‌ಬುಕ್ಕನ್ನೇ ಪಾಲಕರ ಮುಂದಿಡಿ.

ಮುಖದ ಕೆಲಸ ನಡೆಯುವಾಗ ಮೂಗಿನ ಕಡೆ ಲಕ್ಷ್ಯ ಕೊಡಲು ಹೇಳಿ. ಮೂಗಿನ ಜಾಗದಲ್ಲಿ ಕಲ್ಲು ದಪ್ಪಗೆ ಹಾಗೇ ಉಳಿದಿರುತ್ತದೆ. ಶಿಲ್ಪಿ ಕೆನ್ನೆಯ ಕಡೆ ಸ್ವಲ್ಪ ಕೆತ್ತುತ್ತಾನೆ, ಹಿಂದೆ ಸರಿದು ನೋಡುತ್ತಾನೆ, ಮತ್ತೆ ಸ್ವಲ್ಪ ಕೆತ್ತುತ್ತಾನೆ. ಹೆಚ್ಚು ತೆಗೆದರೆ ಮರಳಿ ಹಚ್ಚಲಾಗದು. ಗಡಿಬಿಡಿಯಲ್ಲಿ ಚಿತ್ರ ಮುಗಿಸುವ ಹುಡುಗರು ಆ ಕಾಯುವಿಕೆಯನ್ನು ಬಾಯಿ ಬಿಟ್ಟು ನೋಡುತ್ತಿದ್ದರು. ಒಂದು ಸಲ ಹೋಗಿ ಬಂದರೆ ಇದು ತಿಳಿಯದು. ವಾರಕ್ಕೊಮ್ಮೆ ಹೋಗಿ, ಒಂದೇ ಜಾಗದಲ್ಲಿ ಕೂಡಿಸಿ ಚಿತ್ರ ಬರೆಸಿ.

ಒಂದು ಎಚ್ಚರಿಕೆ. ಕಟಿಂಗ್ ಮಷಿನ್ ನಡೆಯುವಾಗ ಹತ್ತಿರ ಬಿಡಬೇಡಿ. ಕಲ್ಲಿನ ದೂಳು ಪುಪ್ಪುಸಕ್ಕೆ ಕೆಟ್ಟದ್ದು, ಚಕ್ಕೆ ಕಣ್ಣಿಗೆ ಹಾರುತ್ತದೆ. ಉಳಿ-ಸುತ್ತಿಗೆಯ ವೇಳೆ ಕೇಳಿಕೊಂಡು ಹೋಗಿ, ಆಗಲೂ ದೂರವೇ ಕೂಡಿಸಿ.

ಆಮೇಲೆ ಲಕ್ಕುಂಡಿಗೆ ಕರೆದೊಯ್ಯಿರಿ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲೇ ಇದೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಸಣ್ಣ ಕೆತ್ತನೆ ನೋಡಿ ‘ಇಷ್ಟು ನಾಜೂಕು ಹೆಂಗ ಬಂತ್ರಿ’ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಆ ಗುಡಿಯ ಕಲ್ಲು ಬಳಪದ ಕಲ್ಲಿನ ಜಾತಿಯದು, ಉಳಿಗೆ ಮೆದು. ನಿಮ್ಮೂರ ಕಲ್ಲು ಎಷ್ಟು ಗಟ್ಟಿ ಅಂತ ಆಗಲೇ ಗೊತ್ತಿರುವ ಮಕ್ಕಳಿಗೆ ಈ ಉತ್ತರ ಥಟ್ಟನೆ ಹತ್ತುತ್ತದೆ.

ಹಿರಿಯರನ್ನೂ ಸಂಜೆ ಚಪ್ಪರಕ್ಕೆ ಕರೆತನ್ನಿ, ಶಿಲ್ಪಿಗಳ ಜೊತೆ ಚಹಾ ಕುಡಿಯಲಿ. ಕೆಲಸ ಕಣ್ಣಾರೆ ಕಂಡವರು ನಾಳೆ ಆ ಮೂರ್ತಿಯ ಮೇಲೆ ಯಾರಾದರೂ ಗೀಚಿದರೆ ಸುಮ್ಮನಿರುವುದಿಲ್ಲ. ಉದ್ಘಾಟನೆಯ ದಿನ ಬೆರಗು ಬೇಕೇ ಬೇಕೆಂದರೆ, ಕಣ್ಣು ಬಿಡಿಸುವ ಕೊನೆಯ ಕೆಲಸದ ಹೊತ್ತಿಗೆ ಮುಖಕ್ಕಷ್ಟೇ ಬಟ್ಟೆ ಹೊದಿಸಲಿ.