ಕೈತೋಟದ ಕಟ್ಟೆ: ಹೊದಿಕೆಯ ಕೆಳಗಿನ ಸ್ಟ್ರಾಬೆರಿ

ಪ್ರಶ್ನೆ: ಏರುಮಡಿಯಲ್ಲಿ ಸ್ಟ್ರಾಬೆರಿ ನೆಟ್ಟು, ಹುಳುಹುಪ್ಪಟೆ ಮುಟ್ಟಬಾರದೆಂದು ಕಮಾನು ಕಟ್ಟಿ ಸಣ್ಣ ಕಣ್ಣಿನ ಬಿಳಿ ಪರದೆ ಹೊದಿಸಿದ್ದೇನೆ. ಗಿಡ ಸೊಂಪಾಗಿದೆ, ಹೂವಿಗೂ ಕೊರತೆಯಿಲ್ಲ. ಹಣ್ಣು ಮಾತ್ರ ಒಂದು ಮಗ್ಗುಲು ಉಬ್ಬಿ, ಇನ್ನೊಂದು ಮುರುಟಿ ಸೊಟ್ಟಗಾಗುತ್ತಿದೆ. ಯಾವ ಗೊಬ್ಬರ ಹಾಕಲಿ?

ಉತ್ತರ: ಗೊಬ್ಬರದ ಚೀಲವನ್ನು ಸದ್ಯಕ್ಕೆ ಮೂಲೆಗಿಡಿ. ನಿಮ್ಮ ಮಡಿಗೆ ಬೇಕಾಗಿರುವುದು ಜೇನ್ನೊಣ. ಹುಳು ಬರಬಾರದೆಂದು ಹಾಕಿದ ಪರದೆ ಜೇನನ್ನೂ ಹೊರಗೆ ನಿಲ್ಲಿಸಿದೆ. ಅದಕ್ಕೆ ಶತ್ರು ಯಾರು, ನೆಂಟರು ಯಾರು ಎಂದು ಗೊತ್ತಾಗುವುದಿಲ್ಲ.

ಸೊಟ್ಟಗಾದ ಒಂದು ಹಣ್ಣನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿ. ಮೈಮೇಲಿನ ಚುಕ್ಕೆಗಳನ್ನು ನಾವು ಬೀಜ ಎನ್ನುತ್ತೇವೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಆ ಒಂದೊಂದು ಚುಕ್ಕೆಯೂ ಒಂದು ಪುಟ್ಟ ಹಣ್ಣು; ನಾವು ತಿನ್ನುವ ಕೆಂಪು ತಿರುಳು ಹೂವಿನ ಪೀಠ ಉಬ್ಬಿ ಆದದ್ದು. ಪರಾಗ ತಲುಪಿದ ಚುಕ್ಕೆ ಆಕ್ಸಿನ್ ಎಂಬ ಹಾರ್ಮೋನನ್ನು ಸುತ್ತಲಿನ ಪೀಠಕ್ಕೆ ಕಳಿಸುತ್ತದೆ, ಅಲ್ಲಿ ತಿರುಳು ತುಂಬಿಕೊಳ್ಳುತ್ತದೆ. ಪರಾಗ ಸಿಗದ ಚುಕ್ಕೆಯ ಸುತ್ತ ತಿರುಳು ಬೆಳೆಯುವುದೇ ಇಲ್ಲ. ನಿಮ್ಮ ಹಣ್ಣಿನ ಮುರುಟಿದ ಮಗ್ಗುಲಲ್ಲಿ ಚುಕ್ಕೆಗಳು ಕಿರಿದಾಗಿ ಒತ್ತೊತ್ತಾಗಿಯೂ ಉಬ್ಬಿದ ಕಡೆ ದಪ್ಪಗೆ, ಬಿಡಿಬಿಡಿಯಾಗಿಯೂ ಇದ್ದರೆ ಪರಾಗಸ್ಪರ್ಶವೇ ಅರ್ಧಕ್ಕೆ ನಿಂತಿದೆ ಎಂದರ್ಥ. ಬೋರಾನ್ ಕೊರತೆ, ರಸ ಹೀರುವ ತಿಗಣೆ ಕೂಡ ಹಣ್ಣನ್ನು ಸೊಟ್ಟಗಾಗಿಸಬಲ್ಲವು. ಆದರೆ ಜೇನಿಗೆ ಬಾಗಿಲು ಹಾಕಿಕೊಂಡು ಕುಳಿತವರು ಮೊದಲು ಆ ಬಾಗಿಲು ತೆರೆಯಬೇಕು.

ಹೂ ಬಿಡುವವರೆಗೆ ಪರದೆ ಇರಲಿ. ಹೂ ಅರಳಿದ ಮೇಲೆ ಬೆಳಿಗ್ಗೆ ಮಡಚಿಡಿ, ಸಂಜೆ ಇಳಿಸಿ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುವುದರಿಂದ ಗಾಳಿಯ ಅಲುಗಾಟಕ್ಕೂ ಅಷ್ಟಿಷ್ಟು ಕಾಯಿ ಕಚ್ಚುತ್ತದೆ. ಹೂವಿನ ಪೂರ್ತಿ ಸುತ್ತು ತುಂಬಲು ಮಾತ್ರ ಕೀಟವೇ ಬೇಕು. ಪರದೆ ತೆರೆಯಲು ಪುರುಸೊತ್ತಿಲ್ಲವೆಂದರೆ ಮೆತ್ತನೆಯ ಚಿತ್ರ ಬಿಡಿಸುವ ಕುಂಚವನ್ನು ಹೂವಿನ ಹಳದಿ ನಡುಭಾಗದ ಸುತ್ತ ಆಡಿಸಿ. ಮಡಿ ಚಿಕ್ಕದಾಗಿದ್ದರೆ ಸರಿ, ದೊಡ್ಡದಾದರೆ ಸೊಂಟ ಬಿದ್ದುಹೋಗುತ್ತದೆ.

ಹೂ ಸೊಂಪಾಗಿದ್ದೂ ಹಣ್ಣು ಸಿಗದ ಪಾಡು ಹಳೆಯದೇ. ಫ್ರೆಂಚ್ ಎಂಜಿನಿಯರ್ ಫ್ರೆಜಿಯೇ 1714ರಲ್ಲಿ ಚಿಲಿಯಿಂದ ದಪ್ಪ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನು ಹೊತ್ತು ತಂದ. ಅವು ಹೆಣ್ಣು ಗಿಡಗಳಾಗಿದ್ದರಿಂದ ಫ್ರಾನ್ಸಿನಲ್ಲಿ ಸರಿಯಾಗಿ ಕಾಯಿ ಕಚ್ಚಲಿಲ್ಲ. ಉತ್ತರ ಅಮೆರಿಕದ ತಳಿ ಪಕ್ಕದಲ್ಲಿದ್ದ ಕಡೆ ಅದರ ಪರಾಗ ಸಿಕ್ಕಿ ಹಣ್ಣಾಯಿತು. ಈ ಎರಡು ತಳಿಗಳ ಬೆರಕೆಯೇ ಇಂದು ನಿಮ್ಮ ಮಡಿಯಲ್ಲಿರುವುದು.

ಪ್ರಶ್ನೆ: ರಾತ್ರಿ ಹಿಮ ಬಿದ್ದ ಮರುದಿನ ಹೂಗಳ ನಡುಭಾಗ ಕಪ್ಪಾಗಿತ್ತು. ಬಟ್ಟೆ ಹೊದಿಸಿಯೂ ಹೀಗೇಕಾಯಿತು?

ಉತ್ತರ: ಹೊದಿಸಿದ್ದು ಎಷ್ಟು ಹೊತ್ತಿಗೆ ಎಂದು ನೀವು ಬರೆದಿಲ್ಲ. ಹೊದಿಕೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಹಗಲು ಮಣ್ಣು ಕುಡಿದ ಬಿಸಿಲನ್ನು ಹಿಡಿದಿಡುತ್ತದೆ, ಅಷ್ಟೇ. ಇಳಿಹೊತ್ತಿನಲ್ಲಿ, ನೆಲ ಇನ್ನೂ ಬೆಚ್ಚಗಿರುವಾಗ ಹೊದಿಸಿ ಅಂಚುಗಳನ್ನು ಮಣ್ಣಿಗೆ ಒತ್ತಬೇಕು. ಮಲಗುವ ಮುನ್ನ ನೆನಪಾಗಿ ಓಡಿದರೆ ಆ ಬಿಸಿ ಅಷ್ಟರಲ್ಲಿ ಹಾರಿಹೋಗಿರುತ್ತದೆ. ಬಟ್ಟೆ ಹೂವಿಗೆ ತಾಗಿದ ಕಡೆಯೂ ಹೂ ಸುಡುತ್ತದೆ, ಆದ್ದರಿಂದ ಕಮಾನು ಬೇಕು. ಅರಳಿದ ಹೂ ಸುಮಾರು −1 ಡಿಗ್ರಿ ಸೆಲ್ಸಿಯಸ್‌ಗೇ ಸೋಲುತ್ತದೆ. ಮೊಗ್ಗು ಅದಕ್ಕಿಂತ ಗಟ್ಟಿ. ಕಪ್ಪಾದ ಹೂ ಹಣ್ಣಾಗದು. ಗೊಂಚಲಿನಲ್ಲಿ ಮೊದಲು ಅರಳುವ ಹೂವಿನದೇ ಎಲ್ಲಕ್ಕಿಂತ ದಪ್ಪ ಹಣ್ಣು, ಆದ್ದರಿಂದ ನಿಮ್ಮ ಬೇಸರ ನ್ಯಾಯವಾದದ್ದೇ. ಇನ್ನೂ ಅರಳದ ಮೊಗ್ಗುಗಳು ಉಳಿದಿದ್ದರೆ ಬೆಳೆ ಪೂರ್ತಿ ಹೋಗಿಲ್ಲ.

ಪ್ರಶ್ನೆ: ಮಳೆಗೆ ಹಣ್ಣು ಕೊಳೆಯುತ್ತದೆಂದು ಪ್ಲಾಸ್ಟಿಕ್ ಹಾಳೆಯಿಂದ ಮಡಿಯನ್ನು ಪೂರ್ತಿ ಮುಚ್ಚಿದೆ. ಈಗ ಹಣ್ಣಿನ ಮೇಲೆ ಬೂದು ಬೂಷ್ಟು.

ಉತ್ತರ: ಮೇಲಿನ ನೀರು ತಡೆದಿರಿ, ಒಳಗಿನ ಹಬೆಗೆ ದಾರಿ ಬಿಡಲಿಲ್ಲ. ಬೋಟ್ರೈಟಿಸ್ ಎಂಬ ಈ ಬೂಷ್ಟಿಗೆ 15ರಿಂದ 25 ಡಿಗ್ರಿಯ ತಂಪೂ ಒದ್ದೆಯೂ ಸಿಕ್ಕರೆ ಸಾಕು. ಅದು ಹೂವಿನಲ್ಲೇ ಹೊಕ್ಕು, ಸುಮ್ಮನೆ ಅಡಗಿದ್ದು, ಹಣ್ಣು ಮಾಗುವಾಗ ತಲೆ ಎತ್ತುತ್ತದೆ. ಆದ್ದರಿಂದ ಹಣ್ಣಿನ ಕಾಲಕ್ಕೆ ಎಚ್ಚೆತ್ತರೆ ತಡವಾಯಿತು. ಪ್ಲಾಸ್ಟಿಕ್ಕನ್ನು ಸೂರಿನ ಹಾಗೆ ಮೇಲೆ ಮಾತ್ರ ಇರಿಸಿ, ಪಕ್ಕಗಳನ್ನು ಎತ್ತಿಕಟ್ಟಿ. ನನ್ನ ಮಡಿಯಲ್ಲಿ ಬಾಗುವ ಪೈಪಿನ ಕಮಾನುಗಳಿಗೆ ಹಾಳೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದಲೇ ಸಿಕ್ಕಿಸುತ್ತೇನೆ. ಒಂದೇ ಕೈಯಲ್ಲಿ ಬಿಚ್ಚಬಹುದು. ಬಿಚ್ಚುವುದು ಕಷ್ಟವಾದರೆ ಯಾರೂ ದಿನಾ ಬಿಚ್ಚುವುದಿಲ್ಲ, ನನ್ನನ್ನೂ ಸೇರಿಸಿ.

ಗಿಡಗಳ ನಡುವೆ 30ರಿಂದ 40 ಸೆಂಟಿಮೀಟರ್ ಅಂತರವಿರಲಿ. ಹಣ್ಣು ಮಣ್ಣಿಗೆ ತಾಗದಂತೆ ಕೆಳಗೆ ಒಣಹುಲ್ಲು ಹಾಸಿ. ನೀರು ಬೆಳಿಗ್ಗೆ ಬುಡಕ್ಕೆ ಮಾತ್ರ. ಬೂಷ್ಟು ಹಿಡಿದ ಹಣ್ಣನ್ನು ಅಲ್ಲೇ ಉದುರಲು ಬಿಡದೆ ಮಡಿಯಿಂದ ಆಚೆ ಸಾಗಿಸಿ. ಹುಲ್ಲಿನ ಅಡಿಯಲ್ಲಿ ಚಿಪ್ಪಿಲ್ಲದ ಬಸವನಹುಳು ಸೇರಿಕೊಳ್ಳುತ್ತದೆ, ಸಂಜೆ ಟಾರ್ಚ್ ಹಿಡಿದು ಆರಿಸಿ ತೆಗೆಯಬೇಕು.

ಪ್ರಶ್ನೆ: ಬಲೆ ಹಾಕಿದರೂ ಹಕ್ಕಿ ಕುಕ್ಕುತ್ತದೆ. ಅರೆಗೆಂಪಿದ್ದಾಗಲೇ ಕಿತ್ತು ಮನೆಯಲ್ಲಿ ಹಣ್ಣು ಮಾಡಬಹುದೇ?

ಉತ್ತರ: ಆಗದು. ಬಾಳೆ, ಮಾವಿನ ಹಾಗೆ ಸ್ಟ್ರಾಬೆರಿ ಕಿತ್ತ ಮೇಲೆ ಮಾಗುವುದಿಲ್ಲ. ಬಣ್ಣ ಒಂದಿಷ್ಟು ಏರಬಹುದು, ಸಿಹಿ ಏರುವುದಿಲ್ಲ. ಬಲೆ ಗಿಡದ ಮೇಲೇ ಮಲಗಿದ್ದರೆ ಹಕ್ಕಿ ಅದರ ಮೇಲೆ ಕುಳಿತು ಕಣ್ಣಿನೊಳಗಿಂದಲೇ ಕುಕ್ಕುತ್ತದೆ. ಕಮಾನಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಿ, ಅಂಚಿಗೆ ಕಲ್ಲು ಹೇರಿ. ಸಡಿಲ ಬಲೆಯಲ್ಲಿ ಹಕ್ಕಿಯ ಕಾಲು, ಹಾವಿನ ಮೈ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ತೊಟ್ಟಿನ ಬುಡದವರೆಗೂ ಕೆಂಪೇರಿದ ಹಣ್ಣನ್ನು ಹಿಡಿದು ಎಳೆಯದೆ, ತೊಟ್ಟನ್ನು ಉಗುರಿನಿಂದ ಚಿವುಟಿ ಬಿಡಿಸಿ. ತಿನ್ನುವ ಹೊತ್ತಿನವರೆಗೆ ತೊಳೆಯಬೇಡಿ.