ಎಲ್ಲಾ ಧರ್ಮನೂ ಒಂದ ಏನ್ರೀ?

ಪ್ರಶ್ನೆ: ಸರ್, ನನ್ನ ರೂಮ್‌ಮೇಟ್ ತನ್ನ ಧರ್ಮ ಒಂದ ಖರೇ, ಉಳದದ್ದೆಲ್ಲಾ ಸುಳ್ಳು ಅಂತಾನ. ನಾ ಎಲ್ಲಾ ಒಂದ ಅಂತೀನಿ. ಯಾರದು ಕರೆಕ್ಟ್ರಿ?
- ಓದುಗ, ಹುಬ್ಬಳ್ಳಿ

ಉತ್ತರ: ತಮ್ಮಾ, ಇಬ್ರೂ ಗಡಿಬಿಡಿ ಮಾಡೀರಿ. ಒಬ್ರು ಪುನರ್ಜನ್ಮ ಐತಿ ಅಂತಾರ, ಇನ್ನೊಬ್ರು ಇದೊಂದ ಜನ್ಮ, ಆಮ್ಯಾಲೆ ಕಡೇ ದಿನದ ತೀರ್ಪು ಅಂತಾರ, ಎರಡೂ ಹೆಂಗ ಒಂದಾಗ್ತಾವ ಹೇಳು, ಹಂಗಾಗಿ ಅವ ನಂದ ಖರೇ ಅನ್ನೂದು ಹುಚ್ಚುತನ ಏನಲ್ಲ, ಆದ್ರ ಯಾಕ ಖರೇ ಅಂತ ಕೇಳು, ನಮ್ಮಪ್ಪ ಹೇಳ್ಯಾನ ಅಂದ್ರ ಅದು ಕಾರಣ ಅಲ್ಲ, ಬ್ಯಾರೆ ಮನ್ಯಾಗ ಹುಟ್ಟಿದ್ರ ಅಲ್ಲಿದ್ದದ್ದ ಖರೇ ಅಂತಿದ್ದ. (ನಿನಗೂ ಇದ ಪ್ರಶ್ನೆ ಮತ್ತ!) ನಮ್ಮ ಶಿಶುನಾಳ ಶರೀಫರು (1819–1889) ಮುಸಲ್ಮಾನರ ಮನ್ಯಾಗ ಹುಟ್ಟಿ ಕಳಸದ ಗೋವಿಂದಭಟ್ಟರನ್ನ ಗುರು ಮಾಡ್ಕೊಂಡ್ರು, ಈಗೂ ಅವರ ಗದ್ದುಗಿಗೆ ಎರಡೂ ಕಡೆ ಮಂದಿ ಬರ್ತಾರ. ಒಮ್ಮೆ ಇಬ್ರೂ ಕೂಡೇ ಹೋಗಿ ಬರ್ರಿ, ವಾದ ಬಸ್ಸಿನ್ಯಾಗ ಮಾಡ್ರಿ.